ಪೋಕರ್ ಎಂಬ ಮಾತು

ಮೈಸೂರಿನ ರೈಲು ನಿಲ್ದಾಣದಲ್ಲಿ ನಿಂತು “ಬೆಳಗೊಳಕ್ಕೆ ಹೋಗಬೇಕು, ದಾರಿ ಯಾವುದು?” ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವವನು ತಾನು ಯಾವ ಸೀಮೆಯವನೋ ಅದಕ್ಕೆ ತಕ್ಕಂತೆ ಕೈ ತೋರಿಸುತ್ತಾನೆ. ಶ್ರೀರಂಗಪಟ್ಟಣದ ಕಡೆಯವನಾದರೆ ಕನ್ನಂಬಾಡಿ ಕಟ್ಟೆಯ ಸಮೀಪದಲ್ಲಿ, ಅರಸೀಕೆರೆಯ ರೈಲುಹಾದಿಯಲ್ಲಿರುವ ಬೆಳಗೊಳವನ್ನು ಮನಸ್ಸಿಗೆ ತಂದುಕೊಳ್ಳುತ್ತಾನೆ. ನಾಗಮಂಗಲದವನೋ ಕೃಷ್ಣರಾಜಪೇಟೆಯವನೋ ಆದರೆ ಗೊಮ್ಮಟೇಶ್ವರನು ನಿಂತಿರುವ ಶ್ರವಣಬೆಳಗೊಳವೇ ಅವನ ಕಣ್ಣಿಗೆ ಕಟ್ಟುತ್ತದೆ. ಅವನಿಗೆ ಅದು ನೆರೆಯ ಊರು. ಆ ಕ್ಷೇತ್ರದ ಮಗ್ಗುಲಲ್ಲಿ ಹಳೇಬೆಳಗೊಳವೆಂಬ ಇನ್ನೊಂದು ಗ್ರಾಮವೂ ಉಂಟು. ‘ಬೆಳ್’ ಎಂದರೆ ಬಿಳುಪು, ‘ಕೊಳ’ವೆಂಬುದು ಎಲ್ಲರಿಗೂ ತಿಳಿದ ಮಾತು, ಎರಡೂ ಸೇರಿ ಬೆಳ್ಗೊಳವಾಯಿತು. ಹೆಸರು ಒಂದೇ, ಅರ್ಥವೂ ಒಂದೇ; ತಲುಪುವ ಊರು ಮಾತ್ರ ಬೇರೆ ಬೇರೆ.

ಇದಕ್ಕೆ ತದ್ವಿರುದ್ಧವಾಗಿ, ಉಚ್ಚಾರಣೆಯೊಂದೇ ಆಗಿದ್ದು ಅರ್ಥಗಳಿಗೆ ಒಂದಕ್ಕೊಂದು ನಂಟೇ ಇಲ್ಲದ ಮಾತುಗಳೂ ಲೋಕದಲ್ಲಿ ಬೇಕಾದಷ್ಟಿವೆ. ಅಂಥವುಗಳಲ್ಲಿ ಒಂದನ್ನು ನಾವು ಇಂದು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಅದು ‘ಪೋಕರ್’. ಈ ಮಾತನ್ನು ಕೇಳಿದೊಡನೆ ಪಟ್ಟಣವಾಸಿಗಳಾದ ಶ್ರೋತೃಗಳ ಮನಸ್ಸು ಇಸ್ಪೀಟಿನ ಮೇಜಿನ ಕಡೆಗೆ ಓಡುವುದು ಸಹಜ. ಅಲ್ಲಿಗೆ ನಾವೂ ಹೋಗುತ್ತೇವೆ. ಅಲ್ಲಿಯೇ ಹೆಚ್ಚು ಹೊತ್ತು ಇರಬೇಕಾಗಿಯೂ ಬರುತ್ತದೆ, ಏಕೆಂದರೆ ಈ ಒಂದು ಮಾತಿಗೆ ಯಾವ ಅರ್ಥ ಮಾಡಬೇಕೆಂಬ ಪ್ರಶ್ನೆ ನಮ್ಮ ನಾಡಿನ ನ್ಯಾಯಾಲಯಗಳ ಮೆಟ್ಟಿಲನ್ನು ಹತ್ತಿದೆ, ಅದರ ಉತ್ತರದ ಮೇಲೆ ಮನುಷ್ಯರ ಬಂಧನ ಬಿಡುಗಡೆಗಳು ನಿಂತಿವೆ. ಆದರೆ ಮೊದಲು ಒಲೆಯ ಬಳಿಗೆ ಹೋಗೋಣ.

ಇಂಗ್ಲಿಷಿನಲ್ಲಿ ‘ಪೋಕ್’ ಎಂದರೆ ತಿವಿ, ಚುಚ್ಚು, ಕೆದಕು. ಕೆದಕುವ ಸಲಕರಣೆ ಪೋಕರ್. ಶೀತದೇಶದವರ ಮನೆಗಳಲ್ಲಿ ಗೋಡೆಯೊಳಗೆ ಬೆಂಕಿಗೂಡೊಂದು ಇರುತ್ತಿದ್ದು, ಅದರ ಪಕ್ಕಕ್ಕೆ ಒಂದು ಕಬ್ಬಿಣದ ಸಲಾಕೆಯನ್ನು ಒರಗಿಸಿಟ್ಟಿರುತ್ತಿದ್ದರು. ಕೆಂಡದ ಮೇಲೆ ಬೂದಿ ಮುಸುಕಿದಾಗ ಆ ಸಲಾಕೆಯಿಂದ ಕೆದಕಿದರೆ ಗಾಳಿ ಆಡಿ ಉರಿ ಏಳುವುದು. ನಮ್ಮ ದೇಶದ ಹವೆಗೆ ಬೆಂಕಿಗೂಡು ಬೇಕಾಗಲಿಲ್ಲ. ಬೆಂಗಳೂರು ದಂಡಿನ ಹಳೆಯ ಬಂಗಲೆಗಳಲ್ಲಿ ಕಾಣುವ ಕೆಲವು ಗೂಡುಗಳು ಅವನ್ನು ಕಟ್ಟಿಸಿದವರ ನೆನಪಿಗಾಗಿಯೇ ಉಳಿದಂತಿವೆ. ಆದುದರಿಂದ ಈ ಸಲಾಕೆಗೆ ಕನ್ನಡದಲ್ಲಿ ಒಂದೇ ನಿಶ್ಚಿತವಾದ ಹೆಸರು ನಿಲ್ಲಲಿಲ್ಲ. ಊದುವುದಕ್ಕೆ ಊದುಗೊಳವೆ, ಹಿಡಿಯುವುದಕ್ಕೆ ಇಕ್ಕಳ. ಕೆದಕುವುದಕ್ಕೆ ಮಾತ್ರ ಕೈಗೆ ಸಿಕ್ಕ ಸೌದೆಯ ತುಂಡು. ನಮ್ಮ ಅಡಿಗೆಮನೆಯ ಹೆಂಗಸರು ಉರಿಯುವ ಕೊಳ್ಳಿಯಿಂದಲೇ ಇನ್ನೊಂದು ಕೊಳ್ಳಿಯನ್ನು ಕೆದಕಿ ಕೆಲಸ ಸಾಗಿಸಿಕೊಂಡರು.

ಆದರೆ ಈ ಸಲಕರಣೆಯ ನಿಜವಾದ ಮಹತ್ತ್ವವನ್ನು ನೋಡಬೇಕೆಂದರೆ ಬೆಳಗೊಳದಿಂದ ಪಾಂಡವಪುರದ ಕಡೆಗೆ ಹಬ್ಬಿರುವ ಕಬ್ಬಿನ ಸೀಮೆಯ ಆಲೆಮನೆಗೆ ಹೋಗಬೇಕು. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಅದರ ಕೆಳಗೆ ನೆಲದೊಳಕ್ಕೆ ತೋಡಿದ ಒಲೆ. ಒಲೆಯ ಬಾಯಿಯ ಮುಂದೆ ಒಬ್ಬನು ಕುಳಿತು, ಹಾಲು ಹಿಂಡಿದ ಮೇಲೆ ಬಿಸಿಲಿಗೆ ಹರವಿ ಒಣಗಿಸಿದ ಕಬ್ಬಿನ ರಚ್ಚನ್ನು ಉದ್ದನೆಯ ಕೋಲಿನಿಂದ ಒಳಕ್ಕೆ ನೂಕುತ್ತಾನೆ, ಬೂದಿಯನ್ನು ಎಳೆಯುತ್ತಾನೆ, ಉರಿಯನ್ನು ಹರಡುತ್ತಾನೆ. ಮೇಲೆ ನಿಂತು ಕೊಳೆಯನ್ನು ತೆಗೆದು ಪಾಕವನ್ನು ನೋಡುವವನಿಗೆ ಎಷ್ಟು ಮರ್ಯಾದೆಯೋ ಕೆಳಗೆ ಕುಳಿತವನಿಗೂ ಅಷ್ಟೇ ಸಲ್ಲಬೇಕು. ಉರಿ ಮೀರಿದರೆ ಬೆಲ್ಲ ಕಪ್ಪಾಗುತ್ತದೆ. ಸಾಲದಾದರೆ ಅಚ್ಚು ನಿಲ್ಲುವುದಿಲ್ಲ. ಬೆಲ್ಲದ ಬಣ್ಣವನ್ನು ನೋಡಿ ಮಂಡಿಯಲ್ಲಿ ಬೆಲೆ ಕಟ್ಟುವವರಿಗೆ ಆ ಕೋಲು ಹಿಡಿದವನ ಹೆಸರೂ ಗೊತ್ತಿರುವುದಿಲ್ಲ. ಇಂಗ್ಲಿಷಿನವನು ನೋಡಿದರೆ ಆ ಕೋಲನ್ನು ಪೋಕರ್ ಎಂದೇ ಕರೆದಾನು.

ಈ ಸಲಾಕೆಯಿಂದ ಹುಟ್ಟಿದ ಎರಡು ಮರಿ ಅರ್ಥಗಳನ್ನು ಹೇಳಿಬಿಡುತ್ತೇವೆ. ಕಾದ ಕಬ್ಬಿಣದ ಮೊನೆಯಿಂದ ಹಲಗೆಯ ಮೇಲೆ ಸುಟ್ಟು ಚಿತ್ರ ಬರೆಯುವ ಕಲೆಗೆ ‘ಪೋಕರ್ ಕೆಲಸ’ವೆಂದು ಹೆಸರು, ಮೈಸೂರಿನ ಬೀಟೆಮರದ ಕೆತ್ತು ಕೂಡಿಸುವ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನೊಂದು, ಆಫ್ರಿಕ ಖಂಡದಿಂದ ಲೋಕದ ತೋಟಗಳಿಗೆಲ್ಲ ಹರಡಿದ ಒಂದು ಹೂಗಿಡ. ಉದ್ದನೆಯ ದಂಟಿನ ತುದಿಯಲ್ಲಿ ಕೆಂಪು ಹಳದಿ ಬಣ್ಣದ ಹೂಗೊಂಚಲು ನಿಂತು, ಆಗತಾನೆ ಕುಲುಮೆಯಿಂದ ಎಳೆದ ಸಲಾಕೆಯಂತೆ ಕಾಣುವುದರಿಂದ ಅದಕ್ಕೆ ‘ಕಾದ ಕೆಂಪು ಪೋಕರ್’ ಎಂಬ ಹೆಸರು ಬಂತು.

ಇನ್ನು ಮಲೆಯಾಳದ ಕರಾವಳಿಗೆ ಬಂದರೆ ಪೋಕರ್ ಎಂಬುದು ಮನುಷ್ಯನ ಹೆಸರು. ಅಬೂಬಕರ್ ಎಂಬ ಅರಬ್ಬಿ ನಾಮಧೇಯ ಮಾಪಿಳ್ಳೆಯವರ ಬಾಯಲ್ಲಿ ಸವೆದು ಪೋಕ್ಕರ್ ಆಯಿತು. ಭಾರತದ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಮದರಾಸಿನ ಕಡೆಯಿಂದ ಕುಳಿತಿದ್ದವರಲ್ಲಿ ಬಿ. ಪೋಕರ್ ಸಾಹೇಬ್ ಒಬ್ಬರು. ಅವರ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಓದಿ ಇಸ್ಪೀಟಿನ ಆಟವನ್ನು ನೆನೆಸಿಕೊಳ್ಳುವವರು, ಇಸ್ಲಾಂ ಧರ್ಮದ ಮೊದಲನೆಯ ಖಲೀಫರ ಹೆಸರನ್ನು ಜೂಜಿನ ಹೆಸರೆಂದು ತಿಳಿದಂತಾಯಿತು. ಲಿಪಿಯೊಂದನ್ನೇ ನಂಬಿದರೆ ಆಗುವ ಅನರ್ಥಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಕನ್ನಡದ ಕಿವಿಗೆ ಇನ್ನೂ ಒಂದು ಭ್ರಾಂತಿ ಉಂಟು. ಪೋಕರ್ ಆಡುವವನು ಪೋಕರಿ ಅಲ್ಲವೆ? ಹಾಸ್ಯಕ್ಕೆ ಹೇಳುವುದಾದರೆ ನಮ್ಮ ಆಕ್ಷೇಪಣೆಯಿಲ್ಲ. ಶಾಸ್ತ್ರಕ್ಕಾದರೆ ಒಪ್ಪಲಾಗದು. ಪೋಲಿ, ದುಷ್ಟ ಎಂಬರ್ಥದ ಈ ಮಾತು ತೆಲುಗಿನಲ್ಲಿ ಪೋಕಿರಿ, ತಮಿಳಿನಲ್ಲಿ ಪೋಕ್ಕಿರಿ ಎಂದು ದಕ್ಷಿಣ ದೇಶದಲ್ಲೆಲ್ಲ ಬಳಕೆಯಲ್ಲಿದೆ. ಅಮೆರಿಕದ ಆಟದ ಹೆಸರಿನಿಂದ ಅದನ್ನು ಹುಟ್ಟಿಸಬೇಕಾದ ಅಗತ್ಯವೇ ಇಲ್ಲ. ಉತ್ತರ ದೇಶದ ಹಿಂದಿಯಲ್ಲಿ ‘ಪೋಖರ್’ ಎಂದರೆ ಕೊಳ. ಅದು ಸಂಸ್ಕೃತದ ‘ಪುಷ್ಕರ’ದಿಂದ ಬಂದುದು. ಹಾಗಾದರೆ ಹಿಂದಿಯವನೊಬ್ಬನು ನಮ್ಮ ಬೆಳಗೊಳದ ಹೆಸರನ್ನು ತನ್ನ ಭಾಷೆಗೆ ತಿರುಗಿಸಿಕೊಂಡರೆ ಅದು ಒಂದು ಬಿಳಿಯ ಪೋಖರ್ ಆಗಿಬಿಡುತ್ತದೆ! ಇಷ್ಟಕ್ಕೇ ನಿಲ್ಲಲಿಲ್ಲ, ನಳಮಹಾರಾಜನನ್ನು ಜೂಜಿನಲ್ಲಿ ಸೋಲಿಸಿ ಉಟ್ಟ ಬಟ್ಟೆಯಲ್ಲಿ ಕಾಡಿಗೆ ಕಳುಹಿಸಿದ ದಾಯಾದಿಯ ಹೆಸರೂ ಪುಷ್ಕರನೇ. ಇವೆಲ್ಲ ಕೇವಲ ಆಕಸ್ಮಿಕಗಳು. ಇವುಗಳ ಮೇಲೆ ಶಬ್ದಶಾಸ್ತ್ರದ ಅರಮನೆ ಕಟ್ಟುವವರು ಆಗಾಗ ಕಾಣಿಸಿಕೊಳ್ಳುತ್ತಾರಾದುದರಿಂದ ಇಷ್ಟು ಎಚ್ಚರ ಹೇಳಬೇಕಾಯಿತು.

ಈಗ ಇಸ್ಪೀಟಿನ ಮೇಜಿಗೆ ಬರೋಣ. ‘ಇಸ್ಪೀಟು’ ಎಂಬ ಮಾತೇ ಪರದೇಶದ್ದು; ಪೋರ್ಚುಗೀಸರ ‘ಎಸ್ಪಾದ’, ಎಂದರೆ ಕತ್ತಿ, ಎಂಬ ಶಬ್ದದ ಬಳಗಕ್ಕೆ ಸೇರಿದ್ದು. ಡಚ್ಚರು ಹೃದಯದ ಗುರುತಿನ ಎಲೆಗೆ ‘ಹಾರ್ಟೆನ್’ ಎಂದೂ ಮೂರು ದಳದ ಗುರುತಿನ ಎಲೆಗೆ ‘ಕ್ಲಾವರ್’ ಎಂದೂ ಹೇಳುತ್ತಾರೆ. ನಮ್ಮ ಆಟೀನು ಕಳಾವರಗಳನ್ನು ಪಕ್ಕದಲ್ಲಿಟ್ಟು ಉಚ್ಚರಿಸಿ ನೋಡಿದರೆ ಹೋಲಿಕೆ ತಾನೇ ತಿಳಿಯುತ್ತದೆ. ಆದರೆ ಇದಕ್ಕೆಲ್ಲ ಮುಂಚೆಯೇ ಎಲೆಯಾಟ ನಮ್ಮ ದೇಶದಲ್ಲಿತ್ತು. ಅದರ ಹೆಸರು ಗಂಜೀಫಾ. ೧೫೨೭ ರಲ್ಲಿ ಬಾಬರನು ಸಿಂಧ್ ದೇಶದಲ್ಲಿದ್ದ ತನ್ನ ಸ್ನೇಹಿತನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದನೆಂದು ಅವನ ಆತ್ಮಚರಿತ್ರೆಯಲ್ಲಿ ದಾಖಲೆಯಿದೆ. ಮೊಗಲರ ಆಟಕ್ಕೆ ೯೬ ಎಲೆ. ಹಿಂದೂಗಳು ಮಾಡಿಕೊಂಡ ದಶಾವತಾರದ ಆಟಕ್ಕೆ ೧೨೦. ಎಲೆಗಳು ದುಂಡಗೆ. ಒಂದೊಂದು ಅವತಾರಕ್ಕೆ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು. ಅರ್ಧ ಅವತಾರಗಳಲ್ಲಿ ಹತ್ತು ದೊಡ್ಡದಾದರೆ ಉಳಿದ ಅರ್ಧದಲ್ಲಿ ಒಂದು ದೊಡ್ಡದು. ಹಗಲು ಆಡಿದರೆ ರಾಮನ ಎಲೆ ಹಿಡಿದವನು ಮೊದಲು ಆಡತಕ್ಕದ್ದು, ರಾತ್ರಿಯಾದರೆ ಕೃಷ್ಣನ ಎಲೆಯವನು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಬೆಳೆಸಿದ ಪರಿ ಲೋಕದಲ್ಲಿ ಬೇರೆಲ್ಲೂ ಇಲ್ಲ. ಅವರು ಕಲ್ಪಿಸಿದ ‘ಛದ’ವೆಂಬ ಹದಿಮೂರು ಆಟಗಳು, ಚಿಕ್ಕದು ೩೬ ಎಲೆಗಳಿಂದ ಹಿಡಿದು ದೊಡ್ಡದು ೩೬೦ ಎಲೆಗಳವರೆಗೆ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಚಿತ್ರಸಹಿತವಾಗಿ ನಿರೂಪಿತವಾಗಿವೆ. ೩೬೦ ಎಲೆಗಳನ್ನು ಕೈಯಲ್ಲಿ ಹಂಚಿ ಹಿಡಿದವರ ಬೆರಳುಗಳ ಗತಿ ಏನಾಯಿತೋ! ಬೆಳಗೊಳಕ್ಕೆ ನೆರೆಯದಾದ ಶ್ರೀರಂಗಪಟ್ಟಣದಲ್ಲಿಯೇ ಗಂಜೀಫಾ ರಘುಪತಿ ಭಟ್ಟರು ನೆಲಸಿ ಈ ಎಲೆಗಳ ಚಿತ್ರಕಲೆಯನ್ನು ಮತ್ತೆ ಊರ್ಜಿತಕ್ಕೆ ತಂದರು. ಆಡುವವರು ಇಲ್ಲವಾದರೂ ಬರೆಯುವವರು ಉಳಿದರು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಈ ಪ್ರಸ್ತಾಪವನ್ನು ನಾವು ಊರಿನ ಅಭಿಮಾನಕ್ಕಾಗಿ ಮಾತ್ರ ಎತ್ತಲಿಲ್ಲ. ಗಂಜೀಫಾ ಆಟದಲ್ಲಿ ಗೆಲ್ಲುವವನು ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂಬುದನ್ನು ಜ್ಞಾಪಕದಲ್ಲಿಟ್ಟವನು. ದೊಡ್ಡ ಎಲೆ ಚಿಕ್ಕ ಎಲೆಯನ್ನು ಹೊಡೆಯುತ್ತದೆ. ಅಲ್ಲಿ ಸುಳ್ಳಿಗೆ ಎಡೆಯಿಲ್ಲ. ಪೋಕರ್ ಹಾಗಲ್ಲ. ಅದರಲ್ಲಿ ಏನೂ ಇಲ್ಲದವನು, ಎಲ್ಲವೂ ಇರುವವನನ್ನು ಹೆದರಿಸಿ ಓಡಿಸಬಹುದು. ಈ ಒಂದು ಗುಣವೇ ಅದರ ಜೀವ.

ಈ ಆಟ ಹುಟ್ಟಿದುದು ೧೯ನೆಯ ಶತಮಾನದ ಆರಂಭದಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದ ಸುತ್ತಿನಲ್ಲಿ. ಅಲ್ಲಿಂದ ಮಿಸಿಸಿಪ್ಪಿ ನದಿಯ ಹಬೆದೋಣಿಗಳನ್ನು ಹತ್ತಿ ಒಳನಾಡಿಗೆ ಹೋಯಿತು. ಮೊದಮೊದಲು ಇಪ್ಪತ್ತೇ ಎಲೆಗಳಲ್ಲಿ ನಾಲ್ವರು ಆಡುತ್ತಿದ್ದರು. ಅನಂತರ ೫೨ ಎಲೆಗಳ ಪೂರ್ತಿ ಕಟ್ಟು ಬಂತು. ಫ್ರೆಂಚರ ‘ಪೊಕ್’ ಎಂಬ ಆಟದ ಹೆಸರೂ, ತಟ್ಟು, ಬಡಾಯಿ ಕೊಚ್ಚು ಎಂಬರ್ಥದ ಜರ್ಮನ್ ‘ಪೊಖೆನ್’ ಎಂಬ ಮಾತೂ ಈ ಹೆಸರಿನ ಮೂಲವೆಂದು ಪಂಡಿತರು ಸಾಮಾನ್ಯವಾಗಿ ಹೇಳುತ್ತಾರೆ. ಆದಕಾರಣ ಆಟದ ಪೋಕರನ್ನು ಒಲೆಯ ಪೋಕರಿನ ಮಗನೆಂದು ತಿಳಿಯತಕ್ಕದ್ದಲ್ಲ.

ಆಟದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಐದು ಎಲೆಗಳ ಕೂಟದಲ್ಲಿ ಯಾವುದು ದುರ್ಲಭವೋ ಅದು ದೊಡ್ಡದು. ೫೨ ಎಲೆಗಳಿಂದ ಐದನ್ನು ಆರಿಸುವ ರೀತಿಗಳು ಒಟ್ಟು ೨೫,೯೮,೯೬೦. ಇವುಗಳಲ್ಲಿ ಒಂದೇ ಗುರುತಿನ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಕೂಡಿ ಬರುವುದು ನಾಲ್ಕೇ ರೀತಿ. ಆರೂವರೆ ಲಕ್ಷಕ್ಕೆ ಒಂದು ಸಲ. ಒಂದೇ ಅಂಕಿಯ ನಾಲ್ಕು ಎಲೆಗಳು ಬರುವುದು ೬೨೪ ರೀತಿ. ಮೂರು ಒಂದು ಅಂಕಿಯವು, ಎರಡು ಇನ್ನೊಂದರವು ಬರುವುದು ೩,೭೪೪. ಹೀಗೆ ಇಳಿಯುತ್ತ ಬಂದು ಕೊನೆಗೆ ಜೋಡಿಯೂ ಇಲ್ಲದ, ವರಸೆಯೂ ಇಲ್ಲದ, ಒಂದೇ ಗುರುತೂ ಇಲ್ಲದ ನಿಷ್ಪ್ರಯೋಜಕ ಕೂಟಗಳು ೧೩,೦೨,೫೪೦. ಅರ್ಥಾತ್ ಹಂಚಿದ ಕೈಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರಿಗೈಯೇ! ಈಗ ಹೆಚ್ಚು ಬಳಕೆಯಲ್ಲಿರುವ ಟೆಕ್ಸಾಸ್ ಪದ್ಧತಿಯಲ್ಲಿ ಒಬ್ಬೊಬ್ಬನಿಗೆ ಎರಡು ಎಲೆ ಗುಟ್ಟಾಗಿ ಕೊಟ್ಟು, ಐದು ಎಲೆಗಳನ್ನು ಎಲ್ಲರಿಗೂ ಸಾಧಾರಣವಾಗಿ ಮಧ್ಯದಲ್ಲಿ ಬಿಚ್ಚುತ್ತ ಹೋಗುತ್ತಾರೆ. ನಡುನಡುವೆ ಪಣ ಏರುತ್ತದೆ. ಪಣಕ್ಕೆ ಸಮವಾಗಿ ಇಡಲಾರದವನು ಎಲೆ ಕೆಳಗಿಟ್ಟು ಹಿಂದಕ್ಕೆ ಸರಿಯಬೇಕು. ಎಲ್ಲರೂ ಸರಿದರೆ ಉಳಿದವನು ತನ್ನ ಎಲೆ ತೋರಿಸದೆಯೇ ರಾಶಿಯನ್ನು ಬಾಚಿಕೊಳ್ಳುತ್ತಾನೆ.

ಬರಿಗೈಯವನು ಬರಿಗೈಯೆಂದು ತೋರಗೊಡದೆ ಪಣ ಏರಿಸುವುದನ್ನು ಹುಸಿಪಂಥವೆಂದು ಕರೆಯೋಣ. ಇದು ಕೇವಲ ಧೂರ್ತತನವೆಂದು ಬಹುಮಂದಿ ಎಣಿಸಿದ್ದಾರೆ. ವಾಸ್ತವವಾಗಿ ಇದಕ್ಕೂ ಲೆಕ್ಕವಿದೆ. ಮಧ್ಯದಲ್ಲಿ ನೂರು ಹುಣಿಸೆಬೀಜಗಳಿವೆಯೆಂದು ಇಟ್ಟುಕೊಳ್ಳಿ. ಎದುರಾಳಿ ಇನ್ನು ನೂರು ಬೀಜ ಹೂಡುತ್ತಾನೆ. ಅವನನ್ನು ಪರೀಕ್ಷಿಸಬೇಕಾದರೆ ನಾವು ನೂರು ಇಡಬೇಕು. ಅವನದು ಹುಸಿಯಾದರೆ ನಮಗೆ ಇನ್ನೂರು ಲಾಭ, ನಿಜವಾದರೆ ನೂರು ನಷ್ಟ. ಅವನು ಮೂರು ಸಲದಲ್ಲಿ ಒಂದು ಸಲ ಹುಸಿಯಾಗಿಯೂ ಎರಡು ಸಲ ನಿಜವಾಗಿಯೂ ಹೂಡುವವನಾದರೆ, ಮೂರು ಸಲವೂ ಪರೀಕ್ಷಿಸಿದ ನಾವು ಎರಡು ಸಲ ನೂರು ನೂರು ಕಳೆದು ಒಂದು ಸಲ ಇನ್ನೂರು ಪಡೆಯುತ್ತೇವೆ, ಲಾಭವಿಲ್ಲ, ನಷ್ಟವಿಲ್ಲ. ಪರೀಕ್ಷಿಸಿದರೂ ಅಷ್ಟೆ, ಸುಮ್ಮನಿದ್ದರೂ ಅಷ್ಟೆ. ಇದಕ್ಕಿಂತ ಹೆಚ್ಚು ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತಾನೆ. ಕಡಿಮೆ ಹೇಳಿದರೆ ಅವನ ನಿಜಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಸುಳ್ಳಿಗೂ ಒಂದು ಹದ ಉಂಟೆಂಬುದನ್ನು ಗಣಿತಶಾಸ್ತ್ರಜ್ಞ ಜಾನ್ ಫಾನ್ ನಾಯ್ಮನ್ ತೋರಿಸಿಕೊಟ್ಟನು. ಅವನೂ ಮೋರ್ಗೆನ್‌ಸ್ಟರ್ನನೂ ೧೯೪೪ ರಲ್ಲಿ ಪ್ರಕಟಿಸಿದ, ಆಟಗಳ ಸಿದ್ಧಾಂತವನ್ನು ಕುರಿತ ಉದ್ಗ್ರಂಥದಲ್ಲಿ ಪೋಕರಿನ ವಿಚಾರವೂ ಇದೆ. ಅಲ್ಲಿಂದ ಮುಂದಕ್ಕೆ ವ್ಯಾಪಾರಸ್ಪರ್ಧೆ, ಯುದ್ಧನೀತಿಗಳಲ್ಲಿ ಕೂಡ ಈ ಬಗೆಯ ಲೆಕ್ಕ ನುಸುಳಿತು. ೨೦೧೭ ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ‘ಲಿಬ್ರಾಟಸ್’ ಎಂಬ ಗಣಕಕ್ರಮವು ನಾಲ್ವರು ನುರಿತ ಆಟಗಾರರನ್ನು ಇಪ್ಪತ್ತು ದಿನಗಳ ಪಂದ್ಯದಲ್ಲಿ ಸೋಲಿಸಿತು. ಬೆವರದ, ಕಣ್ಣು ಮಿಟುಕಿಸದ ಯಂತ್ರವು ಹುಸಿಪಂಥ ಹೂಡುವುದನ್ನು ಮನುಷ್ಯರು ನೋಡಬೇಕಾಯಿತು.

ಇಂಗ್ಲಿಷಿನಲ್ಲಿ ‘ಪೋಕರ್ ಮುಖ’ವೆಂಬ ಮಾತು ಹೀಗೆ ಬಂದುದು: ಒಳಗೆ ಏನಿದ್ದರೂ ಹೊರಗೆ ತೋರದ ಮುಖ. ನಮ್ಮಲ್ಲಿ ಇದನ್ನು ಗುಣವೆಂದು ಹೇಳುವ ಮಾತು ಬೇಗನೆ ಸಿಕ್ಕುವುದಿಲ್ಲ. ‘ಮುಖಗಂಟು’, ‘ಮುಸುಡಿ’ ಎಂಬ ಬಯ್ಗಳೇ ಮುಂದೆ ಬರುತ್ತವೆ. ಬೆಂಗಳೂರಿನ ತಂತ್ರಾಂಶದ ಕಚೇರಿಗಳಲ್ಲಿ ಕೆಲಸ ಮಾಡುವ ತರುಣರು ‘ಪ್ಲಾನಿಂಗ್ ಪೋಕರ್’ ಎಂದು ಹೇಳುವುದನ್ನು ಕೇಳಿ ಅವರ ತಾಯ್ತಂದೆಯರು ಗಾಬರಿಯಾದರೆ, ಅದು ನಿಷ್ಕಾರಣ. ಒಂದು ಕೆಲಸಕ್ಕೆ ಎಷ್ಟು ಶ್ರಮ ಬೇಕೆಂಬುದನ್ನು ಅಂದಾಜು ಮಾಡುವಾಗ, ಒಬ್ಬೊಬ್ಬನೂ ಒಂದು, ಎರಡು, ಮೂರು, ಐದು, ಎಂಟು, ಹದಿಮೂರು ಎಂಬ ಅಂಕಿಗಳ ಎಲೆಯೊಂದನ್ನು ಮಗುಚಿಟ್ಟು, ಎಲ್ಲರೂ ಏಕಕಾಲದಲ್ಲಿ ಬಿಚ್ಚಿ ತೋರಿಸುವ ಕ್ರಮವದು. ಮೇಲಧಿಕಾರಿಯ ಅಂಕಿಯನ್ನು ನೋಡಿ ಕೆಳಗಿನವರು ತಮ್ಮ ಅಂಕಿಯನ್ನು ತಿದ್ದಿಕೊಳ್ಳದಿರಲಿ ಎಂಬುದು ಅದರ ಉದ್ದೇಶ. ೨೦೦೨ ರಲ್ಲಿ ಅಮೆರಿಕದ ಜೇಮ್ಸ್ ಗ್ರೆನಿಂಗ್ ಎಂಬವರು ಇದನ್ನು ಹೇಳಿಕೊಟ್ಟರು. ಹುಸಿಪಂಥಕ್ಕಾಗಿ ಹುಟ್ಟಿದ ಹೆಸರು ಹುಸಿಯನ್ನು ತಡೆಯುವ ಉಪಾಯಕ್ಕೆ ಹತ್ತಿಕೊಂಡಿದೆ.

ಇನ್ನು ವ್ಯವಹಾರದ ಮಾತಿಗೆ ಬರೋಣ. ದ್ಯೂತವೆಂಬ ಸಂಸ್ಕೃತ ಶಬ್ದದ ತದ್ಭವ ನಮ್ಮ ‘ಜೂಜು’. ಹಳಗನ್ನಡದ ಕವಿಗಳು ‘ನೆತ್ತ’ವೆಂದು ಹೇಳುತ್ತಿದ್ದರು. ಧರ್ಮರಾಯನು ಕುಳಿತ ಸಭೆಯಿಂದ ಇಂದಿನವರೆಗೆ ಈ ಮಾತಿನ ಮೇಲೆ ಕಪ್ಪು ನೆರಳಿದೆ. ಆದಾಗ್ಯೂ ಹಬ್ಬವೆಂಬ ನೆವದಲ್ಲಿ ನಮ್ಮ ಜನ ಅದಕ್ಕೆ ವರ್ಷಕ್ಕೊಮ್ಮೆ ಬಾಗಿಲು ತೆರೆದಿದ್ದಾರೆ. ಮಂಡ್ಯ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯುಗಾದಿಯ ದಿನ, ಮಾರನೆಯ ಹೊಸತೊಡಕಿನ ದಿನ, ಅರಳಿಕಟ್ಟೆಯ ಮೇಲೂ ತೋಪಿನ ನೆರಳಿನಲ್ಲೂ ಎಲೆ ಹರಡುವ ರೂಢಿ ಇದೆ. ಕಬ್ಬಿನ ದುಡ್ಡೋ ಬೆಲ್ಲದ ದುಡ್ಡೋ ಕೈಯಲ್ಲಿರುತ್ತದೆ. ಆಡುವ ಆಟ ಪೋಕರ್ ಅಲ್ಲ, ‘ಅಂದರ್ ಬಾಹರ್’. ಒಂದು ಎಲೆ ಬಿಚ್ಚಿಟ್ಟು, ಎಡಕ್ಕೊಂದು ಬಲಕ್ಕೊಂದು ಎಲೆ ಹಾಕುತ್ತ ಹೋಗುವುದು. ಬಿಚ್ಚಿಟ್ಟ ಎಲೆಯ ಜೊತೆಗಾರ ಒಳಗೆ ಬಿತ್ತೋ ಹೊರಗೆ ಬಿತ್ತೋ, ಇಷ್ಟೇ ಪ್ರಶ್ನೆ. ಮೊದಲ ಎಲೆ ಬೀಳುವ ಕಡೆಗೆ ನೂರಕ್ಕೆ ಐವತ್ತೊಂದೂವರೆಯಷ್ಟು ಅನುಕೂಲವೆಂಬ ಸಣ್ಣ ಭೇದವನ್ನು ಬಿಟ್ಟರೆ, ಬುದ್ಧಿವಂತನಿಗೂ ಮಂಕನಿಗೂ ಅಲ್ಲಿ ವ್ಯತ್ಯಾಸವಿಲ್ಲ. ಸಂಜೆಯ ಹೊತ್ತಿಗೆ ಒಬ್ಬನ ಜೇಬು ತುಂಬಿ ಹತ್ತು ಮನೆಗಳ ಒಲೆ ತಣ್ಣಗಾಗುತ್ತದೆ. ಆಡದೆ ಇದ್ದ ಹೆಂಡತಿಯೂ ಸೋತವಳ ಲೆಕ್ಕಕ್ಕೇ ಸೇರುತ್ತಾಳೆ; ಇದು ದ್ರೌಪದಿಯ ಕಾಲದಿಂದಲೂ ಬಂದ ಅನ್ಯಾಯ.

ಕಾನೂನು ಈ ಆಟಗಳನ್ನು ಎರಡು ಪಂಕ್ತಿಯಲ್ಲಿ ಕೂರಿಸಿದೆ: ಕೌಶಲದ ಆಟ, ಅದೃಷ್ಟದ ಆಟ. ೧೯೫೭ ರ ಚಮಾರ್‌ಬಾಗ್‌ವಾಲಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೌಶಲವೇ ಬಹುಮಟ್ಟಿಗೆ ಪ್ರಧಾನವಾಗಿರುವ ಸ್ಪರ್ಧೆ ಜೂಜಲ್ಲವೆಂಬ ತತ್ತ್ವವನ್ನು ಹೇಳಿತು. ೧೯೬೭ ರ ನವೆಂಬರಿನಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಬಿದ್ದ ಎಲೆಗಳನ್ನು ಜ್ಞಾಪಕದಲ್ಲಿಟ್ಟು ಆಡಬೇಕಾದ ರಮ್ಮಿ ಪ್ರಧಾನವಾಗಿ ಕೌಶಲದ್ದೆಂದೂ, ಫ್ಲಷ್ ಮೊದಲಾದ ಹೆಸರಿನ ಮೂರೆಲೆಯ ಆಟ ಶುದ್ಧ ಅದೃಷ್ಟದ್ದೆಂದೂ ವಿಂಗಡಿಸಿತು. ೧೯೬೩ ರ ಕರ್ಣಾಟಕ ಪೊಲೀಸ್ ಕಾಯಿದೆಯಲ್ಲಿ ಜೂಜಿನ ಮನೆ ನಡಸುವವನಿಗೂ ಅಲ್ಲಿ ಆಡುವವನಿಗೂ ಶಿಕ್ಷೆ ವಿಧಿಸುವ ೭೯, ೮೦ನೆಯ ಪ್ರಕರಣಗಳಿವೆ. ಕೌಶಲದ ಆಟಕ್ಕೆ ಇವು ಅನ್ವಯಿಸುವುದಿಲ್ಲವೆಂದು ೧೭೬ನೆಯ ಪ್ರಕರಣ ಹೇಳುತ್ತದೆ. ಬೀದಿಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಜೂಜಾಡುವವರಿಗೆ ೮೭ನೆಯದು.

ಪೋಕರ್ ಯಾವ ಪಂಕ್ತಿಗೆ? ೨೦೧೩ ರ ಅಕ್ಟೋಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯವು, ಕೌಶಲದ ಆಟವಾಗಿ ಆಡುವ ಮಟ್ಟಿಗೆ ಅದಕ್ಕೆ ಪರವಾನಗಿ ಬೇಕಿಲ್ಲವೆಂದಿತು. ೨೦೧೭ ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ಅದು ಅದೃಷ್ಟದ್ದೇ ಎಂದಿತು. ೫೨ ಎಲೆಗಳು ಬೆಂಗಳೂರಿನಲ್ಲಿ ಒಂದು ರೀತಿ, ಅಹಮದಾಬಾದಿನಲ್ಲಿ ಇನ್ನೊಂದು ರೀತಿ! ಮೇಲೆ ಹೇಳಿದ ಹುಣಿಸೆಬೀಜದ ಲೆಕ್ಕವನ್ನು ಒಪ್ಪುವವರು ಪೋಕರಿನಲ್ಲಿ ಕೌಶಲವಿಲ್ಲವೆನ್ನಲಾರರು. ಒಂದು ಸಂಜೆಯ ಆಟದಲ್ಲಿ ಅದೃಷ್ಟವೇ ಗೆಲ್ಲುತ್ತದೆಯೆಂಬುದನ್ನೂ ಅಲ್ಲಗಳೆಯಲಾರರು. ಸಾವಿರಾರು ಕೈ ಆಡಿದ ಮೇಲೆ ಕೌಶಲ ಮೇಲಕ್ಕೆ ತೇಲುತ್ತದೆ. ಅಷ್ಟು ಕೈ ಆಡುವಷ್ಟು ದುಡ್ಡು ಯಾರಲ್ಲಿರುತ್ತದೆಂಬುದನ್ನು ಮಾತ್ರ ಗಣಿತ ಹೇಳುವುದಿಲ್ಲ.

ನಮಗೆ ಇಲ್ಲಿ ಒಂದು ಸಂಗತಿ ಚುಚ್ಚುತ್ತದೆ. ತಂಪಾದ ಕೋಣೆಯಲ್ಲಿ ಹಸುರು ಬಟ್ಟೆಯ ಮೇಜಿನ ಸುತ್ತ ಕುಳಿತವರಿಗೆ ವಕೀಲರಿದ್ದಾರೆ, ಅವರ ಆಟಕ್ಕೆ ಇಂಗ್ಲಿಷ್ ಹೆಸರಿದೆ, ಕೌಶಲವೆಂಬ ಬಿರುದಿದೆ. 'ಅಂದರ್ ಬಾಹರ್ ಆಡುತ್ತಿದ್ದವರ ಬಂಧನ'ವೆಂಬ ಎರಡು ಸಾಲಿನ ವರ್ತಮಾನ ಮಾತ್ರ ಪತ್ರಿಕೆಗಳಲ್ಲಿ ತೋಪಿನವರದು. ತೋಪಿನ ಆಟ ನಿರಪರಾಧಿಯೆಂದು ನಾವು ಹೇಳುತ್ತಿಲ್ಲ. ಅದು ಮನೆ ಮುರಿಯುವ ಆಟವೇ. ಆದರೆ ಕೌಶಲವಿದ್ದ ಮಾತ್ರಕ್ಕೆ ಸೋತವನ ಮನೆ ಮುರಿಯದೆ ಉಳಿಯುತ್ತದೆಯೆ? ಧರ್ಮರಾಯನ ಎದುರಿಗೆ ಕುಳಿತಿದ್ದ ಶಕುನಿಗೆ ಕೌಶಲದ ಕೊರತೆಯೇನೂ ಇರಲಿಲ್ಲ.

ಕೈಫೋನಿನಲ್ಲಿ ಪೋಕರ್ ಬಂದ ಮೇಲೆ ಈ ಪ್ರಶ್ನೆ ಕೋಣೆಯಿಂದಲೂ ತೋಪಿನಿಂದಲೂ ಹೊರಬಿದ್ದು ಪ್ರತಿ ಮನೆಯ ಹಾಸಿಗೆಯವರೆಗೆ ಹೋಯಿತು. ಎದುರಾಳಿಯ ಮುಖವೇ ಕಾಣದ ಕಡೆ ‘ಪೋಕರ್ ಮುಖ’ಕ್ಕೆ ಕೆಲಸವಿಲ್ಲ, ಮನೆಯವರ ಎದುರಿಗೆ ಮಾತ್ರ ಅದನ್ನು ಹಾಕಿಕೊಳ್ಳಬೇಕಾಗುತ್ತದೆ. ೨೦೨೧ ರ ಅಕ್ಟೋಬರಿನಲ್ಲಿ ಕರ್ಣಾಟಕ ಸರ್ಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ಮಾಡಿ, ಹಣ ಹೂಡುವ ಅಂತರ್ಜಾಲದ ಆಟಗಳನ್ನು ಕೌಶಲವಿದ್ದರೂ ನಿಷೇಧಿಸಿತು. ೨೦೨೨ ರ ಫೆಬ್ರವರಿ ೧೪ ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಸಂವಿಧಾನಕ್ಕೆ ವಿರುದ್ಧವೆಂದು ಹೊಡೆದುಹಾಕಿತು. ೨೦೨೫ ರ ಆಗಸ್ಟಿನಲ್ಲಿ ಸಂಸತ್ತು ತಾನೇ ಕೈಹಾಕಿ, ಎರಡು ದಿನಗಳಲ್ಲಿ ಎರಡು ಸಭೆಗಳನ್ನೂ ದಾಟಿಸಿ, ಮಾರನೆಯ ದಿನ ರಾಷ್ಟ್ರಪತಿಯವರ ಅಂಕಿತವನ್ನು ಪಡೆದ ಕಾಯಿದೆಯೊಂದನ್ನು ಮಾಡಿತು. ಅದು ಕೌಶಲವೋ ಅದೃಷ್ಟವೋ ಎಂದು ಕೇಳುವುದನ್ನೇ ಕೈಬಿಟ್ಟಿದೆ; ಅಂತರ್ಜಾಲದಲ್ಲಿ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವುದೇ ಆದರೆ, ಆಟ ಯಾವುದಾದರೂ ಸರಿ, ಒದಗಿಸುವವನು ಅಪರಾಧಿ. ಆಡುವವನನ್ನು ಶಿಕ್ಷೆಗೆ ಗುರಿಮಾಡಿಲ್ಲ. ಕ್ಲಬ್ಬಿನ ಮೇಜಿಗೆ ಮಾತ್ರ ಹಳೆಯ ಪ್ರಶ್ನೆಯೇ ಉಳಿದಿದೆ.

ಹೀಗಾಗಿ ಒಂದೇ ಪೋಕರ್ ಮೇಜಿನ ಮೇಲೆ ಒಂದು ಕಾನೂನಿಗೂ ಫೋನಿನೊಳಗೆ ಇನ್ನೊಂದು ಕಾನೂನಿಗೂ ಒಳಪಟ್ಟಿದೆ. ಹುಣಿಸೆಬೀಜ ಇಟ್ಟು ಆಡುವವರಿಗೆ ಎರಡರ ಅಡ್ಡಿಯೂ ಇಲ್ಲ.